ಸೊನ್ನೆಯ ಪಾಲು

ಉತೆನಾ ಊರಿನ ಕ್ರೀಡಾಂಗಣ. ಹೊರಗೆ ಮೈನಸ್ ಹತ್ತೊಂಬತ್ತು.
ಒಳಗೆ, ಗಡಿಯಾರದ ಮೇಜಿನ ತುದಿಯಲ್ಲಿ,
ಬೆರಳು ಕತ್ತರಿಸಿದ ಉಣ್ಣೆಯ ಕೈಗವಸು ತೊಟ್ಟು
ಔದ್ರೋನೆ ಕೂಡು-ಕಳೆ ಬರೆಯುತ್ತಾಳೆ:
ಯಾರು ಅಂಗಳದಲ್ಲಿದ್ದಾಗ ನಾವು ಎಷ್ಟು ಮುಂದೆ,
ಯಾರು ಬೆಂಚಿನ ಮೇಲಿದ್ದಾಗ ಎಷ್ಟು ಹಿಂದೆ.
ಹಗಲು ಅವಳು ಬಿಯರ್ ಕಾರ್ಖಾನೆಯಲ್ಲಿ ಗುಮಾಸ್ತೆ.
ಸಂಬಳವಿಲ್ಲದ ಈ ಲೆಕ್ಕವೇ ಅವಳಿಗೆ ಇಷ್ಟ.

ಸ್ಕಿರ್ಮಾಂತಾಸ್: ಇಪ್ಪತ್ತನಾಲ್ಕು ಅಂಕ. ಕೂಡು ಹನ್ನೊಂದು.
ಬೇಕರಿಯ ಕಿಟಕಿಯಲ್ಲಿ ಅವನ ಚಿತ್ರ,
ಶಾಲೆಯ ಹುಡುಗರ ತಲೆಗೆಲ್ಲ ಅವನದೇ ಕ್ಷೌರ.

ಎವಾಲ್ದಾಸ್: ಸೊನ್ನೆ ಅಂಕ. ಮೂರು ಫೌಲ್.
ಮೂವತ್ತಾರು ವರ್ಷ, ಬಸ್ ಡಿಪೋದಲ್ಲಿ ಟೈರು ಬದಲಿಸುವ ಕೆಲಸ,
ನಡೆದರೆ ಬೀರು ಸರಿಸಿದ ಸದ್ದು.
ಅವನು ಮಾಡುವುದು ಇಷ್ಟೇ: ಹೋಗಿ ನಿಲ್ಲುತ್ತಾನೆ.
ಸ್ಕಿರ್ಮಾಂತಾಸನ ಬೆನ್ನು ಹತ್ತಿದವನು
ಬಂದು ಆ ಎದೆಗೆ ಬಡಿಯುತ್ತಾನೆ.
ಅಷ್ಟರಲ್ಲಿ ಒಂದೂವರೆ ಹೆಜ್ಜೆಯ ಬಯಲು.
ಆ ಬಯಲಿನಿಂದ ಚೆಂಡು ಹಾರುತ್ತದೆ.
ಬಯಲಿಗೆ ಹಾಳೆಯಲ್ಲಿ ಅಂಕಣವಿಲ್ಲ.

ಡಿಸೆಂಬರಿನಲ್ಲಿ ಎವಾಲ್ದಾಸನ ಮಂಡಿ ಹೋಯಿತು
(ಹೋಯಿತು ಅಂದದ್ದು ಡಾಕ್ಟರಲ್ಲ, ಅವನೇ).
ಆಮೇಲಿನ ಐದು ಪಂದ್ಯ ಸ್ಕಿರ್ಮಾಂತಾಸ್
ಕಳೆ ಏಳು, ಕಳೆ ಮೂರು, ಕಳೆ ಒಂಬತ್ತು,
ಮಿಕ್ಕೆರಡು ಬೇಡ.
ಅದೇ ಕೈ, ಅದೇ ಮಣಿಕಟ್ಟು.
ಊರು ಕಾರಣ ಹುಡುಕಿತು:
ಹುಡುಗಿ ಇರಬೇಕು. ಹೊಸ ಬೂಟು ಇರಬೇಕು.
ಕೌನಾಸಿನವರು ಕಿವಿ ಕಚ್ಚಿರಬೇಕು.

ನನ್ನ ನುಡಿಯಲ್ಲಿ ಸೊನ್ನೆಯೂ ಒಂದು ಅಕ್ಷರ.
ತಾನಾಗಿ ಉಸಿರದು; ಪಕ್ಕದವನ ಮೂಗಿನಲ್ಲಿ ಗುನುಗುತ್ತದೆ.
ಪಂದ್ಯದಿಂದ ಅದನ್ನು ಕಿತ್ತು ನೋಡಿ,
ಉಳಿಯುವುದು ಪದ್ಯ.
ಓದಬಹುದು. ಗೆಲ್ಲಲಾಗದು.

ಕೌನಾಸಿನಿಂದ ಬಂದೇ ಬಂದ, ಲ್ಯಾಪ್‌ಟಾಪ್ ಹಿಡಿದ ಒಬ್ಬ ಹುಡುಗ.
ಮೂರು ವರ್ಷದ ಹಾಳೆ ಕೇಳಿದ. ಔದ್ರೋನೆ ಕೊಟ್ಟಳು,
ಕಾಫಿಯನ್ನೂ ಕೊಟ್ಟಳು.
"ಇವರಿಬ್ಬರೂ ಸಾವಿರದ ಇನ್ನೂರು ನಿಮಿಷ ಜೊತೆಗೇ ಆಡಿದ್ದಾರೆ.
ಇದರಲ್ಲಿ ಯಾರ ಪಾಲು ಎಷ್ಟು?"
ಹುಡುಗ ಕನ್ನಡಕ ಏರಿಸಿದ: ಅದಕ್ಕೊಂದು ಸೂತ್ರವಿದೆ,
ಅಂಗಳದ ಹತ್ತೂ ಜನರನ್ನು ತೂಗಿ, ಜೊತೆಗಾರರನ್ನು ಕಳೆದು...
"ಬೇರೆ ಬೇರೆ ಆಡಿದ್ದರೆ ತಾನೇ ಕಳೆಯುವುದು?"
ಆಡಿದ್ದು ಆ ಐದೇ ಪಂದ್ಯ.
ಅದನ್ನು ಅವನು ಬರೀ ಗದ್ದಲ ಎಂದು ಬದಿಗಿಟ್ಟಿದ್ದ.
ಸಕ್ಕರೆ ಕಲಕುತ್ತ ಕೂತ.
ಕರಗಿದ ಮೇಲೆ ಚಮಚ ಏನನ್ನು ಬೇರ್ಪಡಿಸೀತು.
ಆದರೂ ಕೊಂಡರು. ಬೆಲೆ ಒಬ್ಬನದು.

ಮಾರ್ಚ್. ದೊಡ್ಡ ಊರು, ಹೊಳೆಯುವ ಮರದ ನೆಲ,
ಸುತ್ತ ನಾಲ್ವರು ತಾರೆಯರು, ಎಲ್ಲರಿಗೂ ಚೆಂಡು ಬೇಕು.
ಸುಮ್ಮನೆ ಹೋಗಿ ನಿಲ್ಲುವವರು ಯಾರೂ ಇಲ್ಲ.
ಕಳೆ ಆರು. ಕಳೆ ಹನ್ನೆರಡು.

ಒಂದು ರಾತ್ರಿ ಫೋನು:
"ಔದ್ರೋನೆ, ನಿನ್ನ ಹಾಳೆ ನೋಡಿ ಹೇಳು,
ಎವಾಲ್ದಾಸ್ ನನ್ನ ಎಡಕ್ಕೆ ನಿಲ್ಲುತ್ತಿದ್ದನೋ, ಬಲಕ್ಕೋ?"

ಅವಳು ದೀಪ ಹಾಕಿ ಪೆಟ್ಟಿಗೆ ತೆರೆದಳು.
ಒಳಗೆ ಬಂದ ನಿಮಿಷ, ಹೊರಗೆ ಹೋದ ನಿಮಿಷ,
ನಡುವೆ ಸೊನ್ನೆ, ಸೊನ್ನೆ,
ತಾನೇ ಪೆನ್ಸಿಲಿನಲ್ಲಿ ದುಂಡಗೆ ಬರೆದದ್ದು.
"ಬರೆದಿಲ್ಲ ಕಣೋ," ಅಂದಳು.

ಬೆಳಿಗ್ಗೆ ಡಿಪೋದ ದಾರಿ ಹಿಡಿದಳು.
ಎವಾಲ್ದಾಸ್ ಜಾಕಿಯ ಪಕ್ಕದಿಂದ ಎದ್ದು,
ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.
"ಎರಡೂ ಕಡೆ," ಅಂದ.
ಆಮೇಲೆ, ಟೈರಿನತ್ತ ನೋಡುತ್ತಲೇ,
"ಮಂಡಿ ವಿಚಾರ ಏನಾದರೂ ಕೇಳಿದನಾ?"

ಲೆಕ್ಕದಲ್ಲಿ ಎಂದೂ ಸುಳ್ಳು ಬರೆಯದವಳು
ಕೈಗವಸು ತೆಗೆದಳು, ಮತ್ತೆ ಹಾಕಿಕೊಂಡಳು.
"ಹೂಂ," ಅಂದಳು.